ನಿಶ್ಚಿತಾರ್ಥದ ಉಂಗುರ: ಯಾವ ಕೈಗೆ, ಯಾವ ಬೆರಳಿಗೆ, ಎಷ್ಟು ಹೊತ್ತು

ಬದ್ಧದ, ಎಂದರೆ ನಿಶ್ಚಿತಾರ್ಥದ, ದಿನ ಗೊತ್ತಾದ ಮೇಲೆ ಸೀರೆ, ಊಟ, ಜನರ ಲೆಕ್ಕ ಎಲ್ಲವೂ ಹೇಗೋ ಒಂದು ದಡ ಸೇರುತ್ತವೆ. ಆದರೆ ಉಂಗುರ ಯಾವ ಬೆರಳಿಗೆ ಎಂಬ ಪ್ರಶ್ನೆ ಮಾತ್ರ ತೊಡಿಸುವ ಗಳಿಗೆಯವರೆಗೂ ಹಾಗೆಯೇ ಉಳಿದುಬಿಡುವುದನ್ನು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅಜ್ಜಿ ಬಲಗೈ ಚಾಚು ಎನ್ನುತ್ತಾರೆ, ಫೋಟೋ ತೆಗೆಯುವವರು ಎಡಗೈ ಎನ್ನುತ್ತಾರೆ, ಹುಡುಗಿ ಒಂದು ಕ್ಷಣ ಎರಡೂ ಕೈಗಳನ್ನು ಮುಂದಿಟ್ಟುಕೊಂಡು ತಾಯಿಯ ಮುಖ ನೋಡುತ್ತಾಳೆ. ಆ ಕ್ಷಣ ಹೇಗಾದರೂ ದಾಟುತ್ತದೆ. ಆದರೆ ಮರುದಿನದಿಂದ ಆ ಉಂಗುರವನ್ನು ಕಾಯಿ ಹೆರೆಯುವಾಗ, ಬಸ್ಸಿನಲ್ಲಿ ನಿಂತು ಮಂಗಳೂರಿಗೆ ಹೋಗುವಾಗ, ಮಗುವಿಗೆ ಎಣ್ಣೆ ಹಚ್ಚುವಾಗ ಏನು ಮಾಡುವುದು ಎಂಬುದು ಮುಂದಿನ ಎಷ್ಟೋ ವರ್ಷಗಳ ವಿಷಯವಾದ್ದರಿಂದ, ಅದನ್ನು ಅಂಗಡಿಗೆ ಹೋಗುವ ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು.

ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳುವವರಿಗೆ ಮೊದಲು ಒಂದು ಮಾತು. ನಿಶ್ಚಯ ತಾಂಬೂಲ ಎಂಬ ಹೆಸರೇ ತಿಳಿಸುವಂತೆ, ನಮ್ಮಲ್ಲಿ ಮಾತು ಗಟ್ಟಿಯಾಗುವುದು ವೀಳ್ಯ ಅಡಿಕೆಯಿಂದ. ಉಂಗುರ ಅದರ ಜೊತೆಗೆ ಬಂದು ಸೇರಿಕೊಂಡದ್ದು. ಎಡಗೈಯ ನಾಲ್ಕನೆಯ ಬೆರಳಿನಿಂದ ಒಂದು ರಕ್ತನಾಳ ನೇರವಾಗಿ ಹೃದಯಕ್ಕೆ ಹೋಗುತ್ತದೆ ಎಂಬುದು ಪ್ರಾಚೀನ ರೋಮನರ ಕಾಲದ ನಂಬಿಕೆಯೇ ಹೊರತು ಶರೀರದಲ್ಲಿ ಅಂಥ ಪ್ರತ್ಯೇಕ ನಾಳವಿಲ್ಲ. ಯುರೋಪಿನಲ್ಲೂ ಎಲ್ಲರೂ ಒಂದೇ ಕೈಗೆ ತೊಡುವುದಿಲ್ಲ: ಇಂಗ್ಲೆಂಡಿನವರದು ಎಡಗೈಯಾದರೆ, ಜರ್ಮನಿ, ನಾರ್ವೆ, ಪೋಲೆಂಡ್, ರಷ್ಯಾಗಳಲ್ಲಿ ಮದುವೆಯ ಉಂಗುರ ಬಲಗೈಯಲ್ಲಿರುತ್ತದೆ. ನಮ್ಮ ಹಿಂದೂ ಮನೆಗಳಲ್ಲಿ ಅನೇಕರು ಹೆಂಡತಿಯ ಸ್ಥಾನ ಗಂಡನ ಎಡಬದಿ ಎಂಬ ವಾಮಭಾಗದ ಭಾವನೆಯಿಂದ ಹುಡುಗಿಗೆ ಎಡಗೈ, ಹುಡುಗನಿಗೆ ಬಲಗೈ ಎಂದು ಇಟ್ಟುಕೊಂಡಿದ್ದಾರೆ. ಆದ್ದರಿಂದ ಯಾವ ಕೈಯನ್ನು ಆರಿಸಿಕೊಂಡರೂ ತಪ್ಪು ಮಾಡಿದೆವೆಂಬ ಅಳುಕು ಬೇಕಿಲ್ಲ. ತೊಡಿಸುವ ಹೊತ್ತಿಗೆ ಹಿರಿಯರು ಹೇಳಿದ ಕೈ, ನಿತ್ಯಕ್ಕೆ ನಿಮ್ಮ ಕೆಲಸ ಹೇಳಿದ ಕೈ ಎಂದು ಬೇರೆ ಬೇರೆ ಮಾಡಿಕೊಂಡವರೂ ಇದ್ದಾರೆ. ಯಾರಿಗೂ ನೋವಾಗದ ಆ ದಾರಿ ನನಗೂ ಹಿಡಿಸಿದೆ.

ಮೊದಲು ನೋಡಬೇಕಾದದ್ದು

ಉಂಗುರದ ಜಾಗವನ್ನು ತೂಗಿ ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಕೆಲವೇ. ಆ ಕೈ ದಿನವಿಡೀ ಏನು ಮಾಡುತ್ತದೆ? ಸೆಕೆಗೆ ಉಬ್ಬುವ, ಮಳೆಗೆ ಸೊರಗುವ ಬೆರಳಿನಲ್ಲಿ ಅದು ಹೇಗೆ ನಿಲ್ಲುತ್ತದೆ? ಅವಸರಕ್ಕೆ ಬೇಗ ತೆಗೆಯಲು ಬರುತ್ತದೆಯೇ? ಕಲ್ಲು ಇದ್ದರೆ ಅದು ಎಷ್ಟು ಪೆಟ್ಟು ತಾಳುತ್ತದೆ? ಇವುಗಳಿಗಿಂತಲೂ ಮುಖ್ಯವಾದದ್ದು, ಉಂಗುರ ಬೆರಳಲ್ಲಿ ಇಲ್ಲದಿರುವಾಗ ಎಲ್ಲಿರುತ್ತದೆ? ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ. ಉಂಗುರ ಕಳೆದುಹೋಗುವುದು ಸಾಮಾನ್ಯವಾಗಿ ಬೆರಳಲ್ಲಿದ್ದಾಗ ಅಲ್ಲ. ತೆಗೆದು ಬಚ್ಚಲಿನ ಗೋಡೆಯ ಮೇಲೋ ಹಿಟ್ಟಿನ ಪಾತ್ರೆಯ ಪಕ್ಕದಲ್ಲೋ ಸೀರೆಯ ಸೆರಗಿನ ಗಂಟಿನಲ್ಲೋ "ಈಗ ಬಂದೆ" ಎಂದು ಇಟ್ಟು ಮರೆತಾಗ.

ನನ್ನದು ಹೋದದ್ದು ಮಾತ್ರ ಬೆರಳಿನಿಂದಲೇ. ಮದುವೆಯಾದ ಮೊದಲ ವರ್ಷದ ಆಟಿ ತಿಂಗಳು, ಹೊರಗೆ ಧೋ ಎಂದು ಮಳೆ. ಒಗೆಯುವ ಕಲ್ಲಿನ ಮೇಲೆ ಸಾಬೂನು ಹಚ್ಚಿದ ಬೈರಾಸನ್ನು ತಿರುಚಿ ಹಿಂಡಿದಾಗ ಬೆರಳು ಹಗುರವಾದದ್ದು ಗೊತ್ತಾಗಲೇ ಇಲ್ಲ; ಕೈ ತೊಳೆದುಕೊಂಡು ನೋಡಿದರೆ ಬೆರಳಿನ ಬುಡದಲ್ಲಿ ಬೆಳ್ಳಗಿನ ಒಂದು ಸುತ್ತು ಮಾತ್ರ ಉಳಿದಿತ್ತು. ಅತ್ತೆಯವರು ಒಂದು ಮಾತನ್ನೂ ಆಡದೆ ನೀರು ಹರಿದು ಹೋಗುವಲ್ಲಿ ಅಡಿಕೆ ಹಾಳೆಯನ್ನು ಅಡ್ಡ ಇಟ್ಟು, ಕೆಸರನ್ನು ಬೊಗಸೆ ಬೊಗಸೆಯಾಗಿ ಅದರ ಮೇಲೆ ಹಾಕಿ ಬೆರಳಿನಿಂದ ಸವರುತ್ತಾ ಹೋದರು. ಮೂರನೆಯ ಹಾಳೆಯಲ್ಲಿ ಅದು ಸಿಕ್ಕಿತು. ಏಪ್ರಿಲ್ ತಿಂಗಳ ಮಧ್ಯಾಹ್ನ ಅಳತೆ ಕೊಟ್ಟ ಉಂಗುರ ಅದು. ಸೆಕೆಗೆ ಉಬ್ಬಿದ ಬೆರಳಿಗೆ ಹೊಂದಿದ್ದು ಮಳೆಗಾಲದ ಬೆರಳಿಗೆ ಸಡಿಲವಾಯಿತು. ಅಂದಿನಿಂದ ಕೇಳಿದವರಿಗೆಲ್ಲ ನಾನು ಹೇಳುವುದೆಂದರೆ, ಅಳತೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಬೇಕು, ಬೆರಳಿನ ಗಂಟನ್ನು ದಾಟುವಾಗ ಸ್ವಲ್ಪ ತಡೆಯಬೇಕು, ದಾಟಿದ ಮೇಲೆ ಬುಡದಲ್ಲಿ ಸಲೀಸಾಗಿ ತಿರುಗಬೇಕು. ಅಂಗಡಿಯಲ್ಲಿ ಹೇಳುವ ಅಳತೆಯಲ್ಲಿ ಒಂದು ಸಂಖ್ಯೆ ಹೆಚ್ಚಾದರೆ ಒಳಸುತ್ತು ಸುಮಾರು 1 ಮಿಲಿಮೀಟರ್ ಹೆಚ್ಚು, ಅಷ್ಟೇ. ಆದರೆ ಆ ಒಂದು ಮಿಲಿಮೀಟರಿನಲ್ಲಿಯೇ ಉಂಗುರ ಉಳಿಯುವುದೂ ಹೋಗುವುದೂ ಇದೆ. ಕೊಲ್ಲಿ ದೇಶಗಳಿಗೆ ಹೋಗುವವರು ದಿನವಿಡೀ ಎಸಿಯ ತಂಪಿನಲ್ಲಿ ಕುಳಿತು ಕೆಲಸ ಮಾಡುವುದಾದರೆ ಅಲ್ಲಿಯೂ ಬೆರಳು ಸಪೂರವಾಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಎಡಗೈಯೋ ಬಲಗೈಯೋ

ಬಲಗೈಯಲ್ಲಿ ಕೆಲಸ ಮಾಡುವವರಿಗೆ ಎಡಗೈಯ ಪವಿತ್ರ ಬೆರಳು, ಎಂದರೆ ಕಿರುಬೆರಳಿನ ಪಕ್ಕದ್ದು, ಉಂಗುರಕ್ಕೆ ನೆಮ್ಮದಿಯ ಜಾಗ. ಪೆಟ್ಟು ಕಡಿಮೆ, ಸವೆತ ಕಡಿಮೆ, ಕಲ್ಲು ಕೆಳಗೆ ತಿರುಗಿ ಪಾತ್ರೆಗೆ ತಾಗುವುದೂ ಕಡಿಮೆ. ಕಲ್ಲಿನ ಉಂಗುರವನ್ನು ದಿನವೂ ಧರಿಸಬೇಕೆನ್ನುವವರಿಗೆ ನಾನು ಈ ಜಾಗವನ್ನೇ ಹೇಳುತ್ತೇನೆ. ಇದಕ್ಕೆ ಹಿರಿಯರು ಹೇಳುವ ಆಕ್ಷೇಪ ಒಂದಿದೆ: ಶೌಚಕ್ಕೆ ಬಳಸುವ ಕೈಗೆ ಮಂಗಳದ ಉಂಗುರವೇ ಎಂದು. ಆ ಭಾವನೆಯನ್ನು ತಳ್ಳಿಹಾಕುವಂತಿಲ್ಲ, ಅದರಲ್ಲಿ ಶುಚಿಯ ಮಾತೂ ಸೇರಿಕೊಂಡಿದೆ. ಕೆತ್ತನೆ, ಸಂದು, ಕಲ್ಲಿನ ಹಿಂಬದಿಯ ರಂಧ್ರ ಇರುವ ಉಂಗುರದೊಳಗೆ ಸಾಬೂನು ನೀರು ನಿಲ್ಲುತ್ತದೆ. ದಿನವೂ ಹಾಗೆ ನಿಂತರೆ ಉಂಗುರದ ಅಡಿಯಲ್ಲಿ ಚರ್ಮ ಕೆಂಪಾಗಿ ತುರಿಸತೊಡಗುತ್ತದೆ. ಎಡಗೈಗೆ ಹಾಕುವವರು ಕೈ ತೊಳೆದಾಗ ಉಂಗುರವನ್ನು ಒಂದು ಸುತ್ತು ತಿರುಗಿಸಿ ಅದರಡಿಯನ್ನೂ ತೊಳೆದು ಒರೆಸಿಕೊಂಡರೆ ಎರಡೂ ಮಾತಿಗೆ ಸಮಾಧಾನ ಸಿಗುತ್ತದೆ.

ಬಲಗೈಯ ಪವಿತ್ರ ಬೆರಳಿಗೆ ಬೇರೆಯೇ ಗೌರವವಿದೆ. ಕೊಡುವುದು, ತೆಗೆದುಕೊಳ್ಳುವುದು, ಪ್ರಸಾದಕ್ಕೆ ಚಾಚುವುದು ಎಲ್ಲವೂ ಬಲಗೈ. ಉಂಗುರ ಅಲ್ಲಿದ್ದರೆ ನಾಲ್ಕು ಜನರಿಗೆ ಕಾಣುತ್ತದೆ, ಹಾಕಿದವರಿಗೂ ಸಂತೋಷ. ಆದರೆ ನಾವು ಉಣ್ಣುವುದೂ ಅದೇ ಕೈಯಲ್ಲಿ. ಸಾರು ಅನ್ನ ಕಲಸಿದಾಗ, ಪಾಯಸವನ್ನು ಬಾಳೆಲೆಯಿಂದ ಬಳಿದು ಉಣ್ಣುವಾಗ ಕಲ್ಲನ್ನು ಹಿಡಿದಿರುವ ಕೊಕ್ಕೆಗಳ ನಡುವೆ ಅಗುಳು ಸಿಕ್ಕಿಕೊಳ್ಳುತ್ತದೆ. ಕಲ್ಲಿಲ್ಲದ ನಯವಾದ ಸುತ್ತುಂಗುರಕ್ಕೆ ಈ ತೊಂದರೆ ಇಲ್ಲ. ಆದ್ದರಿಂದ ಬಲಗೈ ಎಂದು ಗಟ್ಟಿಯಾಗಿ ಹೇಳುವ ಮನೆಯವರು ಉಂಗುರವನ್ನು ಸರಳವಾಗಿ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಜಾಗವನ್ನೂ ಉಂಗುರದ ಬಗೆಯನ್ನೂ ಬೇರೆ ಬೇರೆಯಾಗಿ ತೀರ್ಮಾನಿಸಿದರೆ ಆಮೇಲೆ ಒಂದಕ್ಕೊಂದು ಹೊಂದುವುದಿಲ್ಲ.

ಗಂಡಸರ ವಿಷಯದಲ್ಲಿ ಬಲಗೈಗೆ ಇನ್ನೊಂದು ಲೆಕ್ಕ ಬರುತ್ತದೆ. ಕರ್ಮಾಂಗಗಳಿಗೆ ಕೂರುವವರು ದರ್ಭೆ ಹುಲ್ಲಿನಿಂದ ಮಾಡಿದ ಪವಿತ್ರವೆಂಬ ಉಂಗುರವನ್ನು ಆ ಬೆರಳಿಗೇ ಹಾಕಬೇಕು. ನಮ್ಮ ಜಿಲ್ಲೆಯ ತೆಂಕಣ ಗಡಿ ದಾಟಿದ ಕೂಡಲೇ ಸಿಗುವ ಪಯ್ಯನ್ನೂರಿನ ಪವಿತ್ರ ಮೋದಿರ, ಅದೇ ದರ್ಭೆಯ ಗಂಟಿನ ರೂಪದಲ್ಲಿ ಮಾಡುವ, ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಉಂಗುರ. ಅದನ್ನು ಧರಿಸುವುದೂ ಬಲಗೈಯ ಪವಿತ್ರ ಬೆರಳಿಗೆ. ಮನೆತನದಿಂದ ಬಂದ ಅಂಥ ಉಂಗುರವಿರುವ ಹುಡುಗ ನಿಶ್ಚಿತಾರ್ಥದ ಉಂಗುರವನ್ನು ಎಡಗೈಗೆ ಹಾಕಿಕೊಳ್ಳುವುದೇ ಸರಿ. ಒಂದೇ ಬೆರಳಿನಲ್ಲಿ ಎರಡನ್ನು ಸೇರಿಸಿದರೆ ಒಂದನ್ನೊಂದು ತೇಯುತ್ತವೆ. ಮದ್ದಳೆ ನುಡಿಸುವವರಿಗೆ ಬರಿ ಬೆರಳೇ ಬೇಕು, ಅವರು ಹಿಮ್ಮೇಳಕ್ಕೆ ಕೂರುವ ಮೊದಲು ತೆಗೆಯಲೇಬೇಕಾಗುತ್ತದೆ. ಮುಸ್ಲಿಂ ಮನೆಗಳಲ್ಲಿ ಗಂಡಸರಿಗೆ ಚಿನ್ನ ನಿಷಿದ್ಧವಾದ್ದರಿಂದ ಹುಡುಗನಿಗೆ ಬೆಳ್ಳಿಯ ಉಂಗುರ. ಕ್ರೈಸ್ತ ಮನೆಗಳಲ್ಲಿ ಮದುವೆಗೆ ಇನ್ನೊಂದು ಉಂಗುರ ಬರುತ್ತದೆ. ಎರಡನ್ನೂ ಒಂದೇ ಬೆರಳಿಗೆ ಹಾಕುವ ಯೋಚನೆ ಇದ್ದರೆ ಈಗಲೇ ಸಪೂರದ ಉಂಗುರ ಆರಿಸಿ, ಎರಡೂ ಒಂದೇ ಕ್ಯಾರೆಟ್ಟಿನವಾಗಿರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಗಟ್ಟಿಯಾದದ್ದು ಮೆದುವಾದದ್ದನ್ನು ಸವೆಸುತ್ತದೆ.

ಉಳಿದ ಬೆರಳುಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ. ನಡುಬೆರಳು ಗಟ್ಟಿ, ದೊಡ್ಡ ಉಂಗುರಕ್ಕೆ ಆಗುತ್ತದೆ. ತೋರುಬೆರಳು ಎಲ್ಲ ಕೆಲಸಕ್ಕೂ ಮೊದಲು ಮುಂದೆ ಹೋಗುವುದರಿಂದ ಉಂಗುರಕ್ಕೆ ಪೆಟ್ಟು ಹೆಚ್ಚು. ಕಿರುಬೆರಳಿನಿಂದ ಜಾರುವುದು ಸುಲಭ.

ಕೊರಳಿನ ಸರಕ್ಕೆ ಪೋಣಿಸುವುದು

ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಹುಡುಗಿಯರು ಈ ದಾರಿಯನ್ನು ಹೆಚ್ಚಾಗಿ ಕೇಳುತ್ತಾರೆ, ಏಕೆಂದರೆ ಕೈ ಶುಚಿಯ ನಿಯಮದಿಂದಾಗಿ ಅನೇಕ ಕಡೆ ಕಲ್ಲಿನ ಉಂಗುರಕ್ಕೆ ಅವಕಾಶವಿಲ್ಲ. ಕೈಗವಸು ಹಾಕಿ ತೆಗೆದು ಮಾಡುವವರಿಗೂ, ಪ್ರಯೋಗಾಲಯದಲ್ಲಿ ರಾಸಾಯನಿಕ ಮುಟ್ಟುವವರಿಗೂ ಇದು ಅನುಕೂಲ. ಪಾದರಸ ತಾಗಿದರೆ ಚಿನ್ನ ಅದನ್ನು ಹೀರಿಕೊಂಡು ಬೆಳ್ಳಗಾಗಿ ಪೆಡಸಾಗುತ್ತದೆ ಎಂಬುದನ್ನು ಆ ವಿಭಾಗದವರಿಗೆ ಹೇಳಬೇಕಾಗಿಲ್ಲ. ಸರದಲ್ಲಿದ್ದರೆ ಉಂಗುರ ಮೈಮೇಲೆಯೇ ಇರುತ್ತದೆ, ಅಳತೆಯ ಚಿಂತೆ ಇಲ್ಲ, ಬಸುರಿನಲ್ಲಿ ಬೆರಳು ಬಾತರೂ ತೊಂದರೆಯಿಲ್ಲ.

ಆದರೆ ಇದನ್ನು ಅಪಾಯವಿಲ್ಲದ ದಾರಿ ಎಂದು ತಾಯಂದಿರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಅರ್ಧ ಪವನಿನ, ಎಂದರೆ 4 ಗ್ರಾಮಿನ ಉಂಗುರ ಸಪೂರದ ಸರದಲ್ಲಿ ದಿನವಿಡೀ ಓಡಾಡಿದರೆ ಒಂದೇ ಕಡೆಯ ಕೊಂಡಿಗಳು ತೇಯುತ್ತವೆ. 22 ಕ್ಯಾರೆಟ್ಟಿನ ಸರದಲ್ಲಿ ಪ್ಲಾಟಿನಂ ಅಥವಾ 18 ಕ್ಯಾರೆಟ್ಟಿನ ಉಂಗುರ ಹಾಕಿದರೆ ಇನ್ನೂ ಬೇಗ. ಸರ ತುಂಡಾದರೆ ಹೋಗುವುದು ಎರಡೂ. ಬಗ್ಗಿ ಕೆಲಸ ಮಾಡುವಾಗ ಅದು ಮುಂದಕ್ಕೆ ತೂಗುತ್ತದೆ, ಅಡಿಕೆ ಸುಲಿಯುವ ಯಂತ್ರ ಅಥವಾ ಗ್ರೈಂಡರಿನ ಮುಂದೆ ತೂಗುವ ಸರ ಬೆರಳಿನ ಉಂಗುರಕ್ಕಿಂತ ಹೆಚ್ಚು ಅಪಾಯಕಾರಿ. ಮದುವೆಯಾದ ಮೇಲೆ ಕರಿಮಣಿಯ ಜೊತೆ ಸಿಕ್ಕುಬೀಳುವ ತಾಪತ್ರಯ ಬೇರೆ. ಈ ದಾರಿ ಹಿಡಿಯುವವರು ಸರವನ್ನು ಗಟ್ಟಿಯಾದದ್ದನ್ನೇ ಹಾಕಬೇಕು, ರವಿಕೆಯ ಒಳಗೆ ಇಟ್ಟುಕೊಳ್ಳುವಷ್ಟು ಉದ್ದವಿರಬೇಕು, ವರ್ಷಕ್ಕೊಮ್ಮೆ ಆಚಾರಿಯವರಿಗೆ ಕೊಂಡಿ ತೋರಿಸಬೇಕು. ಸರದ ಖರ್ಚೂ ಸೇರಿದರೆ ಕಡಿಮೆ ಬಜೆಟ್ಟಿನವರಿಗೆ ಇದು ಅಗ್ಗದ ದಾರಿಯಲ್ಲ.

ತೆಗೆದಿಡುವವರಿಗೆ

ತೋಟದ ಕೆಲಸ, ಹಟ್ಟಿಯ ಕೆಲಸ ಇರುವ ಮನೆಯ ಹೆಣ್ಣುಮಕ್ಕಳಿಗೆ ನಾನು ಮನಸಾರೆ ಹೇಳುವ ದಾರಿ ಇದು: ಕೆಲಸದ ಹೊತ್ತಿಗೆ ಬೆರಳು ಬರಿದಾಗಿರಲಿ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣಕ್ಕೆ ನೀರಿನಲ್ಲಿ ಮೈಲುತುತ್ತು, ಸುಣ್ಣ ಕದಡುತ್ತೇವೆ. ಆ ಮದ್ದು ಬಿಡುವ ದಿನ ಸುಣ್ಣ ಕಲ್ಲಿನ ಹಿಂದೆ ಹೋಗಿ ಗಟ್ಟಿಯಾದರೆ ಬಿಡಿಸುವುದು ಕಷ್ಟ. ಹಲಸಿನ ಕಾಲದಲ್ಲಿ ಮೇಣದ ಕಾಟ. ಮೇಣ ಅಂಟಿದ ಉಂಗುರವನ್ನು ಪಿನ್ನಿನಿಂದ ಕೆದಕಿ ಕಲ್ಲು ಹಾರಿಸಿಕೊಂಡವರನ್ನು ಕಂಡಿದ್ದೇನೆ. ತೆಂಗಿನೆಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಬೆಚ್ಚಗಿನ ನೀರಿಗೆ ಅಂಟುವಾಳದ ನೊರೆ ಸೇರಿಸಿ, ಮೆತ್ತಗಿನ ಹಳೆಯ ಟೂತ್‌ಬ್ರಶ್ಶಿನಿಂದ ಹಿಂಬದಿಯಿಂದ ಉಜ್ಜಿದರೆ ಮೇಣ ತಾನಾಗಿ ಬಿಡುತ್ತದೆ. ಮುತ್ತು, ಹವಳಗಳಿಗೆ ಮಾತ್ರ ಈ ಉಪಚಾರ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗಲೂ ಉಂಗುರ ಕೈಯಲ್ಲಿರಬಾರದು, ಕ್ಲೋರಿನ್ ಕಡಿಮೆ ಕ್ಯಾರೆಟ್ಟಿನ ಚಿನ್ನದ ಬೆಸುಗೆಯನ್ನು ಕ್ರಮೇಣ ದುರ್ಬಲಗೊಳಿಸುತ್ತದೆ.

ಇವೆಲ್ಲ ಉಂಗುರಕ್ಕೆ ಆಗುವ ಹಾನಿ. ಬೆರಳಿಗೆ ಆಗುವುದು ಇನ್ನೂ ದೊಡ್ಡದು. ಗೇಟು ಹತ್ತಿ ಇಳಿಯುವಾಗ, ಜೀಪಿನಿಂದ ಹಾರುವಾಗ, ಏಣಿಯಿಂದ ಜಾರುವಾಗ ಉಂಗುರ ಎಲ್ಲಾದರೂ ಸಿಕ್ಕಿಕೊಂಡರೆ ಮೈಯ ಭಾರವೆಲ್ಲ ಒಂದು ಬೆರಳಿನ ಮೇಲೆ ಬಿದ್ದು ಚರ್ಮ, ಕೆಲವೊಮ್ಮೆ ಬೆರಳೇ ಕಿತ್ತುಬರುತ್ತದೆ. ವಾಹನದ ಬ್ಯಾಟರಿಯ ಕೆಲಸ ಮಾಡುವಾಗ ಎರಡು ಕಡೆಗೆ ಉಂಗುರ ತಾಗಿದರೆ ಅದು ಕ್ಷಣದಲ್ಲಿ ಕಾದು ಬೆರಳನ್ನು ಸುಡುತ್ತದೆ. ತೋಟದಲ್ಲಿ ಕೈಗೆ ಹಾವು ಕಚ್ಚಿದರೆ, ಜೇನು ಕಡಿದರೆ, ಬಾವು ಏರುವ ಮೊದಲು ಆ ಕೈಯ ಉಂಗುರವನ್ನು ತೆಗೆದೇಬಿಡಬೇಕು, ಮತ್ತೆ ಆಸ್ಪತ್ರೆಗೆ ಓಡಬೇಕು. ಸಿಕ್ಕಿಕೊಂಡ ಉಂಗುರಕ್ಕೆ ಕೈಯನ್ನು ಮೇಲೆತ್ತಿ ಹಿಡಿದು ಎಣ್ಣೆ ಹಚ್ಚಿ ಮೆಲ್ಲನೆ ತಿರುಗಿಸಿ ನೋಡಬಹುದು. ಬೆರಳು ನೀಲಿಯಾದರೆ ಅಥವಾ ಸ್ಪರ್ಶ ಗೊತ್ತಾಗದಿದ್ದರೆ ಕತ್ತರಿಸಲು ಹಿಂಜರಿಯಬಾರದು. ಚಿನ್ನದ ಉಂಗುರ ಸುಲಭವಾಗಿ ಕತ್ತರಿಸಲ್ಪಡುತ್ತದೆ, ಬೆಸೆಯಲೂ ಬರುತ್ತದೆ. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಟಂಗ್‌ಸ್ಟನ್ ಕಾರ್ಬೈಡ್ ಉಂಗುರಗಳು ಹಾಗಲ್ಲ, ಅವನ್ನು ಮಾಮೂಲಿ ಕಟ್ಟರ್ ಕತ್ತರಿಸುವುದಿಲ್ಲ, ಒಡೆದೇ ತೆಗೆಯಬೇಕು.

ತೆಗೆದಿಡುವ ದಾರಿಯ ದೋಷವೆಂದರೆ ಮರೆವು. ಅದಕ್ಕೆ ಮನೆಯಲ್ಲಿ ಒಂದೇ ಜಾಗ ಇರಬೇಕು, ದೇವರ ಕೋಣೆಯ ಕುಂಕುಮದ ಭರಣಿಯ ಪಕ್ಕದ ಮುಚ್ಚಳವಿರುವ ಸಣ್ಣ ಡಬ್ಬಿಯಂತೆ, ಮತ್ತು ಅದನ್ನು ಬಿಟ್ಟು ಇನ್ನೆಲ್ಲಿಯೂ ಒಂದು ನಿಮಿಷಕ್ಕೂ ಇಡಬಾರದು. ಈ ಶಿಸ್ತು ತನ್ನಿಂದ ಆಗದು ಎಂದು ಗೊತ್ತಿರುವವರು ಬೇರೆ ದಾರಿ ನೋಡಲಿ: ನಿತ್ಯಕ್ಕೆ ಕಲ್ಲಿಲ್ಲದ ಒಂದು ಸುತ್ತುಂಗುರ, ಸಮಾರಂಭಕ್ಕೆ ಕಲ್ಲಿನದು.

ಹಣ ಎಷ್ಟಿದ್ದರೆ ಯಾವುದು

ಕಡಿಮೆ ಹಣದಲ್ಲಿ ಬಾಳಿಕೆ ಬರುವುದು 22 ಕ್ಯಾರೆಟ್ಟಿನ, 3ರಿಂದ 4 ಗ್ರಾಮಿನ, ಒಳಬದಿ ನಯವಾಗಿ ದುಂಡಗಿರುವ ಸಾದಾ ಉಂಗುರ. ಒಳಗೆ ಹೆಸರೋ ದಿನಾಂಕವೋ ಕೊರೆಸಿದರೆ ಅದೇ ಶೋಭೆ. ನಮ್ಮ ನೆರೆಯ ಮಲಯಾಳಿ ಮನೆಗಳಲ್ಲಿ ಒಬ್ಬರ ಹೆಸರು ಕೊರೆದದ್ದನ್ನು ಇನ್ನೊಬ್ಬರು ಧರಿಸುವ ಪದ್ಧತಿ ನನಗೆ ಬಹಳ ಚೆಂದವೆನಿಸಿದೆ. 4 ಗ್ರಾಮಿನ 22 ಕ್ಯಾರೆಟ್ ಉಂಗುರದಲ್ಲಿ ಸುಮಾರು 3.66 ಗ್ರಾಂ ಶುದ್ಧ ಚಿನ್ನವಿರುತ್ತದೆ, ಅಷ್ಟೇ ತೂಕದ 18 ಕ್ಯಾರೆಟ್ಟಿನದರಲ್ಲಿ 3 ಗ್ರಾಂ. ಮುಂದೆ ಕಷ್ಟಕಾಲಕ್ಕೆ ಆದೀತು ಎನ್ನುವವರಿಗೆ ಮೊದಲನೆಯದು ಸರಿ. ಕಲ್ಲು ಕೂರಿಸುವುದಾದರೆ 18 ಕ್ಯಾರೆಟ್ ಉತ್ತಮ, ಏಕೆಂದರೆ 22 ಕ್ಯಾರೆಟ್ ಮೆದುವಾದ್ದರಿಂದ ಕೊಕ್ಕೆಗಳು ಬೇಗ ಬಾಗುತ್ತವೆ. ನಾಲ್ಕು ಕೊಕ್ಕೆಯ ಎತ್ತರದ ಕಟ್ಟಣೆಯಲ್ಲಿ ಹೊಳಪು ಹೆಚ್ಚು, ಆದರೆ ಕಾಸರಗೋಡು ಸೀರೆಯಂಥ ನೂಲಿನ ಸೀರೆಯ ಎಳೆ ಅದಕ್ಕೆ ಸಿಕ್ಕುತ್ತಲೇ ಇರುತ್ತದೆ. ಕಲ್ಲಿನ ಸುತ್ತಲೂ ಚಿನ್ನದ ಅಂಚು ಒತ್ತಿದ ತಗ್ಗಿನ ಕಟ್ಟಣೆ ದಿನಬಳಕೆಗೆ ಮೇಲು.

ಕಲ್ಲುಗಳಲ್ಲಿ ಗಡಸುತನವನ್ನು ನೋಡಬೇಕು. ಧೂಳು ಮರಳಿನಲ್ಲಿರುವ ಬೆಣಚಿನ ಗಡಸುತನ ಮೋಸ್ ಎಂಬ, 10ರವರೆಗಿನ ಅಳತೆಯಲ್ಲಿ 7. ಅದಕ್ಕಿಂತ ಮೆದುವಾದ ಕಲ್ಲು ದಿನಬಳಕೆಯಲ್ಲಿ ಗೀಚುಬಿದ್ದು ಮಬ್ಬಾಗುತ್ತದೆ. ವಜ್ರ 10, ಮಾಣಿಕ್ಯ ಮತ್ತು ನೀಲ 9, ಪಚ್ಚೆ 7.5ರಿಂದ 8, ಹವಳ 3ರಿಂದ 4. ಪಚ್ಚೆಯಲ್ಲಿ ಒಳಬಿರುಕು ಸಾಮಾನ್ಯವಾದ್ದರಿಂದ ಅದನ್ನು ಸಮಾರಂಭಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ವಜ್ರ ಗೀಚಿಗೆ ಬಗ್ಗದು, ಆದರೆ ಪೆಟ್ಟು ಬಿದ್ದರೆ ಅದೂ ಒಡೆದೀತು. ಪ್ಲಾಟಿನಂ ಚರ್ಮಕ್ಕೆ ಹಿತ, ಬಣ್ಣ ಮಾಸುವುದಿಲ್ಲ. ಆದರೆ ಅದು ಕರಗುವುದು ಸುಮಾರು 1768 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಚಿನ್ನ 1064ರಲ್ಲಿ, ಆದ್ದರಿಂದ ಅಳತೆ ಬದಲಿಸಲು ಊರಿನ ಆಚಾರಿಯವರಿಂದ ಆಗದೆ ದೂರದ ಅಂಗಡಿಗೆ ಕಳುಹಿಸಬೇಕಾಗಬಹುದು. ಬಿಳಿ ಚಿನ್ನದ ಮೇಲಿನ ರೋಡಿಯಂ ಲೇಪ ಸವೆದಾಗ ಮತ್ತೆ ಹಾಕಿಸುವ ಖರ್ಚಿದೆ, ಒಳಗೆ ನಿಕಲ್ ಇದ್ದರೆ ಕೆಲವರಿಗೆ ತುರಿಕೆಯೂ ಆಗುತ್ತದೆ. ಸುತ್ತಲೂ ಕಲ್ಲು ಕೂರಿಸಿದ ಉಂಗುರದ ಅಳತೆಯನ್ನು ಮುಂದೆ ಹೆಚ್ಚು ಕಡಿಮೆ ಮಾಡಲು ಹೆಚ್ಚಾಗಿ ಆಗುವುದಿಲ್ಲ, ಆದ್ದರಿಂದ ಇಪ್ಪತ್ತೆರಡರ ಹರೆಯದ ಬೆರಳಿಗೆ ಅಂಥದನ್ನು ಮಾಡಿಸುವ ಮೊದಲು ಯೋಚಿಸಬೇಕು.

ಯಾವುದನ್ನು ಕೊಂಡರೂ ಒಳಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, 22ಕೆ916 ಅಥವಾ 18ಕೆ750 ಎಂಬ ಶುದ್ಧತೆ, ಆರು ಅಕ್ಷರಾಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಮೂರೂ ಇವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಪರೀಕ್ಷಿಸಬಹುದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಒಡವೆಗೆ ಈ ಸಂಖ್ಯೆ ಕಡ್ಡಾಯ. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕಿನ ಕಡ್ಡಾಯ ಇಲ್ಲವಾದ್ದರಿಂದ ತೀರ ತೆಳ್ಳಗಿನ ಉಂಗುರ ಕೊಳ್ಳುವವರು ಕೇಳಿ ತಿಳಿದುಕೊಳ್ಳಬೇಕು. ಬಿಲ್ಲಿನಲ್ಲಿ ಚಿನ್ನದ ತೂಕ, ಕಲ್ಲಿನ ತೂಕ, ಮಜೂರಿ ಬೇರೆ ಬೇರೆ ಬರೆದಿರಬೇಕು, ಏಕೆಂದರೆ ಮಾರುವಾಗ ಮಜೂರಿ ಹಿಂದೆ ಬರುವುದಿಲ್ಲ.

ಇಷ್ಟೆಲ್ಲ ಓದಿಯೂ ಮನಸ್ಸು ಒಂದು ಕಡೆ ನಿಲ್ಲದಿದ್ದರೆ, ಉಂಗುರಕ್ಕೆ ಹೇಳುವ ಮೊದಲು ತಾಯಿಯ ಅಥವಾ ಚಿಕ್ಕಮ್ಮನ ಹಳೆಯ ಬೆಳ್ಳಿಯುಂಗುರ ಒಂದನ್ನು ಕೇಳಿ ತೆಗೆದುಕೊಂಡು ಎಡಗೈಯಲ್ಲಿ ಒಂದು ವಾರ, ಬಲಗೈಯಲ್ಲಿ ಒಂದು ವಾರ ಹಾಕಿಕೊಂಡು ನಿಮ್ಮ ಎಲ್ಲ ಕೆಲಸಗಳನ್ನೂ ಮಾಡಿ ನೋಡಿ. ಎಷ್ಟು ಸಲ ತೆಗೆದಿರಿ, ತೆಗೆದಾಗ ಎಲ್ಲಿಟ್ಟಿರಿ ಎಂಬುದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಳ್ಳಿ. ಹದಿನೈದನೆಯ ದಿನ ಆ ಬರಹವನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ.